ಹಂಡೆ ಒಲೆಯ ಗೂಡಿನಲ್ಲಿ ಮಲಗಿದ ಪೆಟ್ಟಿಗೆ

ನನ್ನ ಹೆಸರು ಕಂಪ್ಯೂಟರಿನ ಒಳಗೆ ಹೋಗಿದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮಿಕ್ಕಿದ್ದನ್ನು ನಿಧಾನವಾಗಿ ಬರೆಯಬಹುದು. ಇಲ್ಲದಿದ್ದರೆ ಅದು ಹೊಟ್ಟೆಯೊಳಗೆ ಕುಣಿಯುತ್ತಲೇ ಇದ್ದು ಪೆನ್ನು ನೆಟ್ಟಗೆ ಓಡುವುದಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಪೂರ್ತಿಯಲ್ಲ. ಬೈರಕೂರಿನ ಹತ್ತಿರ ನಮ್ಮದೊಂದಿಷ್ಟು ಮಾವಿನ ತೋಪು, ತರಕಾರಿ ಬೆಳೆಯುವ ಒಂದು ತುಂಡು ಹೊಲ, ಸೀಮೆಹಸುಗಳು. ಇಂಗ್ಲಿಷ್ ಅಕ್ಷರಗಳನ್ನು ನಾನು ಕಲಿತದ್ದು ಮುಳಬಾಗಿಲಿನ ಬಸ್ ಸ್ಟ್ಯಾಂಡಿನಲ್ಲಿ, ಬಸ್ಸಿನ ಬೋರ್ಡು ನೋಡಿ ನೋಡಿ. ಅಂಥವನ ಹೆಸರು, ಪ್ರಪಂಚದ ಯಾವ ಮೂಲೆಯವರು ಬೇಕಾದರೂ ತೆಗೆದು ಓದಬಹುದಾದ ಜಾಗದಲ್ಲಿ ಕೂತಿದೆ. ಜೊತೆಗೆ ನನ್ನ ಹೆಂಡತಿಯ ಹೆಸರೂ ಇದೆ. ಅವಳದ್ದು ನನ್ನದಕ್ಕಿಂತ ಒಂದು ಸಾಲು ಮೇಲಿದೆ. ಅದನ್ನು ಅವಳು ದಿನಕ್ಕೊಂದು ಸಲವಾದರೂ ನೆನಪಿಸದೆ ಬಿಡುವುದಿಲ್ಲ.

ಇದಕ್ಕೆಲ್ಲ ಕಾರಣ ನಮ್ಮ ಮೊಮ್ಮಗಳು, ಮಗಳ ಮಗಳು. ಮಗಳ ಮನೆ ಶ್ರೀನಿವಾಸಪುರದಲ್ಲಿ, ಮಾವಿನ ಮಂಡಿಗಳಿರುವ ರಸ್ತೆಯಲ್ಲೇ. ಕಾಯಿ ಕಾಲದಲ್ಲಿ ಅಲ್ಲಿ ಲಾರಿಗಳ ಹಾರನ್ನಿನ ನಡುವೆ ತಲೆ ಓಡುವುದಿಲ್ಲ ಎಂದು ಒಂದು ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದವಳು, ಕಾಯಿ ಕಾಲ ಮುಗಿದರೂ ವಾಪಸ್ಸು ಹೋಗಲಿಲ್ಲ. ಕೋಲಾರದಲ್ಲಿ ಇಂಜಿನಿಯರಿಂಗ್ ಓದಿದ್ದಾಳೆ. ಮಾಲೂರಿನ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಹಾಲಿನ ಡೈರಿಯಲ್ಲಿ ಹಾಲು ತೂಗಿ, ಫ್ಯಾಟ್ ನೋಡಿ, ಚೀಟಿ ಹೊರಗೆ ತಳ್ಳುವ ಪೆಟ್ಟಿಗೆ ಇರುತ್ತದಲ್ಲ, ಅದನ್ನು ಮಾಡುವ ಕಂಪನಿ. ಆಗಾಗ ಬಸ್ಸು ಹಿಡಿದು ಮಾಲೂರಿಗೆ ಹೋಗಿಬರುತ್ತಾಳೆ. ಮಿಕ್ಕಂತೆ ನಮ್ಮ ಪಡಸಾಲೆಯೇ ಅವಳ ಆಫೀಸು.

"ಯಾರಾದ್ರೂ ಕೇಳಿದ್ರೆ ನಿನ್ ಕೆಲ್ಸ ಏನಂತ ಹೇಳ್ಲಿ ಅಮ್ಮಣ್ಣಿ?" ಎಂದು ಒಂದು ದಿನ ಕೇಳಿದೆ.

"ಕರ್ನಲ್ ಅಂತ ಇರತ್ತೆ ತಾತ. ಕಂಪ್ಯೂಟರ್‌ಗೆ ಮನೆ ಯಜಮಾನ ಇದ್ದಂಗೆ. ಯಾರಿಗೆ ಯಾವ್ ಕೆಲ್ಸ, ಯಾರಿಗೆ ಎಷ್ಟು ಜಾಗ, ಎಲ್ಲಾ ಅದೇ ಹೇಳೋದು. ಆ ಯಜಮಾನನ್ನ ಬೆಳಿಗ್ಗೆ ಎಬ್ಸೋದು ನನ್ ಕೆಲ್ಸ."

"ಅಷ್ಟೇನಾ? ಅದ್ನ ನಿಮ್ಮಜ್ಜಿ ಮದ್ವೆ ಆದಾಗಿಂದ ಮಾಡ್ತಾವ್ಳೆ, ಒಂದಿನಾನೂ ಸಂಬಳ ಕೇಳಿಲ್ಲ."

ಒಳಗಿನಿಂದ ಹೆಂಡತಿ, "ಎದ್ದಿದ್ರೆ ತಾನೆ ಸಂಬಳ!" ಎಂದಳು.

ಮೊಮ್ಮಗಳು ನಕ್ಕು, ಆಮೇಲೆ ಸರಿಯಾಗಿ ಬಿಡಿಸಿ ಹೇಳಿದಳು. ಕರೆಂಟು ಕೊಟ್ಟ ತಕ್ಷಣ ಪೆಟ್ಟಿಗೆ ಆಗ ತಾನೇ ಹುಟ್ಟಿದ ಕರುವಿನ ಹಾಗೆ ಇರುತ್ತದಂತೆ. ಕಾಲಿದೆ, ನಿಲ್ಲಲು ಬರುವುದಿಲ್ಲ. ಕಣ್ಣಿದೆ, ನೋಡಲು ತಿಳಿಯದು. ತನ್ನ ಜ್ಞಾಪಕ ಎಲ್ಲಿದೆ ಎಂಬುದೂ ಅದಕ್ಕೆ ಗೊತ್ತಿರುವುದಿಲ್ಲ. ಮೊದಲು ಇದು ಮಾಡು, ಆಮೇಲೆ ಇದು, ಇನ್ನು ಎದ್ದು ನಿಂತುಕೋ ಎಂದು ಒಂದೊಂದೇ ಹೇಳಿ ಎಬ್ಬಿಸುವ ಬರವಣಿಗೆಗೆ ಬೂಟ್ ಕೋಡ್ ಎಂದು ಹೆಸರು. ಈ ಕರ್ನಲ್ ಒಬ್ಬರ ಸೊತ್ತಲ್ಲ. ಎಲ್ಲೆಲ್ಲೋ ಇರುವ ಜನ ಸೇರಿ ಬರೆಯುತ್ತಾರೆ, ಸೇರಿ ಕಾಯುತ್ತಾರೆ. ಒಂದೊಂದು ಭಾಗಕ್ಕೆ ಒಬ್ಬೊಬ್ಬರು ನೋಡಿಕೊಳ್ಳುವವರು. ತೋಪಿಗೆ ಕಾವಲು ಇರುವ ಹಾಗೆ ಎಂದುಕೊಂಡೆ.

ನಮ್ಮ ಕಡೆಯ ಡೈರಿಗಳಲ್ಲಿರುವ ಪೆಟ್ಟಿಗೆಯ ಜಾತಿ ಹಳೆಯದು. ಅದರ ಬೂಟ್ ಕೋಡನ್ನು ದೂರದ ಒಂದು ಚಳಿ ದೇಶದ ಹಿರಿಯರು ನೋಡಿಕೊಳ್ಳುತ್ತಿದ್ದರು. ಅವರು, ನನಗೆ ವಯಸ್ಸಾಯಿತು, ಇದನ್ನು ಯಾರಾದರೂ ವಹಿಸಿಕೊಳ್ಳಿ, ಯಾರೂ ಬರದಿದ್ದರೆ ಈ ಭಾಗವನ್ನೇ ತೆಗೆದುಹಾಕಿಬಿಡೋಣ ಎಂದು ಎಲ್ಲರಿಗೂ ಬರೆದರು. ತೆಗೆದರೆ ಹೊಸ ಕರ್ನಲ್ ನಮ್ಮ ಪೆಟ್ಟಿಗೆಗಳಲ್ಲಿ ಏಳುವುದಿಲ್ಲ. ಇವತ್ತಲ್ಲ ನಾಳೆ ಅವೆಲ್ಲ ಗುಜರಿಗೆ. ಮೊಮ್ಮಗಳು, ನಾನು ವಹಿಸಿಕೊಳ್ಳುತ್ತೇನೆ ಎಂದು ಬರೆದಳು. ಹಿರಿಯರು, ಸಂತೋಷ, ಆದರೆ ಮೊದಲು ನಿನಗೆ ಇದು ಅರ್ಥವಾಗಿದೆ ಎಂದು ತೋರಿಸು, ಪ್ರತಿ ಸಾಲಿನ ಮೇಲೂ ಅದು ಏಕಿದೆ ಎಂದು ಬರೆ, ಬೇಡದ್ದನ್ನು ತೆಗೆ ಎಂದರು. ಹಾಗೆ ಬರೆಯುವುದಕ್ಕೆ ಕಾಮೆಂಟ್ ಎನ್ನುತ್ತಾರೆ. ಅದು ಯಂತ್ರಕ್ಕಲ್ಲ, ಮುಂದೆ ಬಂದು ಓದುವ ಮನುಷ್ಯರಿಗೆ.

ಅವಳಿಗೆ ಅದು ಎಷ್ಟು ಬೇಕಾಗಿತ್ತು ಎನ್ನುವುದು ನನಗೆ ಅವಳ ಊಟದಲ್ಲೇ ಗೊತ್ತಾಗುತ್ತಿತ್ತು. ಮುದ್ದೆ ಮುರಿದು ಸಾರಿಗೆ ಅದ್ದಿ, ಬಾಯಿಗೆ ಹಾಕುವುದನ್ನು ಮರೆತು ಕೂರುತ್ತಿದ್ದಳು.

ಒಂದೊಂದು ಕಾಮೆಂಟ್ ಬರೆದಾಗಲೂ ಅದನ್ನು ಕನ್ನಡದಲ್ಲಿ ನನಗೆ ಹೇಳುವುದು ಅವಳಿಗೆ ರೂಢಿಯಾಯಿತು. ನಾನು ಜಗಲಿಯಲ್ಲಿ ಟೊಮೆಟೊ ಗಿಡ ಕಟ್ಟುವ ದಾರ ಸಿಕ್ಕು ಬಿಡಿಸುತ್ತ ಕೂತಿರುತ್ತಿದ್ದೆ. "ಹೂಂ" ಎಂದರೆ ಮುಂದಕ್ಕೆ ಹೋಗುತ್ತಿದ್ದಳು. "ಅಂದ್ರೆ?" ಎಂದರೆ ಹಲ್ಲು ಕಡಿದು ಮತ್ತೆ ಬರೆಯುತ್ತಿದ್ದಳು. ನನಗೆ ಅರ್ಥವಾಗಿ ಹೂಂ ಎನ್ನುತ್ತಿದ್ದೆನೋ, ದಾರದ ಗಂಟು ಬಿಚ್ಚಿಕೊಂಡ ಖುಷಿಗೆ ಹೂಂ ಎನ್ನುತ್ತಿದ್ದೆನೋ, ದೇವರೇ ಬಲ್ಲ. ಆದರೂ ಆ ಮಧ್ಯಾಹ್ನಗಳ ಸುಖ! ಓದಿದ ಹುಡುಗಿ ಓದದ ಮುದುಕನಿಗೆ ತನ್ನ ವಿದ್ಯೆ ಹೇಳುತ್ತ ಕೂರುವುದು ಎಷ್ಟು ಜನಕ್ಕೆ ಸಿಗುತ್ತದೆ?

ಹೀಗೆ ಹೋಗುತ್ತಿರುವಾಗ ಒಂದು ಸಾಲು ಅಡ್ಡ ನಿಂತಿತು.

"ತಾತ, ಇಲ್ಲಿ ಪೆಟ್ಟಿಗೆ ಏನೂ ಮಾಡಲ್ಲ. ದೊಡ್ಡ ಸಂಖ್ಯೆಯಿಂದ ಸೊನ್ನೆವರ್ಗೂ ಹಿಂದಕ್ಕೆ ಎಣಿಸತ್ತೆ, ಅಷ್ಟೇ. ಯಾಕಂತ ಯಾರೂ ಬರ್ದಿಲ್ಲ."

"ಸುಮ್ನೆ ಎಣಿಸ್ತಾ ಕೂರತ್ತಾ?"

"ಸುಮ್ನೆ. ಹಿರಿಯರ್ನ ಕೇಳ್ದೆ, ಅವ್ರಿಗೂ ನೆನಪಿಲ್ವಂತೆ. ಯಾವಾಗ್ಲೋ ಸೇರಿದ್ದು ಅಂದ್ರು."

"ಮತ್ತಿನ್ನೇನು, ತೆಗ್ದಾಕು. ಕೆಲ್ಸ ಇಲ್ದೆ ನಿಂತಿರೋ ಆಳ್ನ ಯಾರಾದ್ರೂ ಇಟ್ಕೋತಾರಾ?" ಎಂದೆ ನಾನು, ದೊಡ್ಡ ಪಂಡಿತನ ಹಾಗೆ.

ಅವಳು ನನ್ನ ಮಾತಿಗೇ ತೆಗೆಯುವವಳಲ್ಲ. ತೆಗೆದರೂ ಪೆಟ್ಟಿಗೆ ಏಳುತ್ತದೆಯೇ ಎಂದು ನೋಡಬೇಕಲ್ಲ. ನಮ್ಮೂರ ಡೈರಿಯ ಸೆಕ್ರೆಟರಿಯನ್ನು ಕೇಳಿ, ಮೂಲೆಯಲ್ಲಿದ್ದ ಒಂದು ಹೆಚ್ಚಿನ ಪೆಟ್ಟಿಗೆ ತಂದಳು. ಆ ಸಾಲು ತೆಗೆದ ಕರ್ನಲ್ಲನ್ನು ಅದಕ್ಕೆ ತುಂಬಿದಳು. ಹಗಲು ಎಷ್ಟು ಸಲ ಗುಂಡಿ ಒತ್ತಿದರೂ ಕೆಂಪು ದೀಪ ಹತ್ತಿ ಹಸಿರಾಯಿತು. ಹಸಿರೆಂದರೆ ಎದ್ದಿತು ಎಂದು ಲೆಕ್ಕ. ಆಮೇಲೆ ನನಗೆ ಹೇಳಿದಳು, "ತಾತ, ಡೈರೀಲಿ ಇದು ಇಬ್ಬನೀಲೇ ಇರತ್ತೆ. ಅದಕ್ಕೆ ರಾತ್ರಿಯೆಲ್ಲಾ ಜಗಲಿ ಮೇಲೇ ಇರ್ಲಿ. ನೀನು ಹಾಲು ಕರೆಯೋಕೆ ಏಳ್ತೀಯಲ್ಲ, ಆಗ ಒತ್ತಿ ನೋಡಿ ನಂಗೆ ಹೇಳು."

ನನಗೂ ಒಂದು ಕೆಲಸ! ಧನುರ್ಮಾಸದ ಚಳಿ, ನಮ್ಮ ಕಡೆ ಬೆಳಗಿನ ಜಾವ ಬೆರಳು ಮಡಚಲು ಬರುವುದಿಲ್ಲ. ತಲೆಗೆ ಟವಲ್ ಸುತ್ತಿಕೊಂಡು, ಚೊಂಬು ಹಿಡಿದು, ಕೊಟ್ಟಿಗೆಗೆ ಹೋಗುವ ಮೊದಲು ಗುಂಡಿ ಒತ್ತುತ್ತಿದ್ದೆ. ಕೆಂಪು, ಆಮೇಲೆ ಹಸಿರು. ಪ್ರತಿ ದಿನವೂ ಹಸಿರೇ. ಅವಳು ಎದ್ದು ಬಂದ ಕೂಡಲೇ "ಹಸ್ರು ಕಣಮ್ಮಾ!" ಎಂದು ಹೇಳುವುದು, ಅವಳು ಕಣ್ಣುಜ್ಜಿಕೊಂಡು ನಗುವುದು. ಬಹಳ ದಿನ ನೋಡಿ ಧೈರ್ಯ ಬಂದ ಮೇಲೆ, ಈ ಸಾಲು ಬೇಕಿಲ್ಲ, ಚಳಿಯಲ್ಲೂ ನೋಡಿದ್ದೇವೆ ಎಂದು ಬರೆದು ಕಳಿಸಿದಳು. ಹಿರಿಯರು ಮೆಚ್ಚಿ ಬರೆದರು. ಇನ್ನೇನು ಸೇರಿಸಿಕೊಳ್ಳುತ್ತೇವೆ, ಆಮೇಲೆ ಈ ಭಾಗದ ಉಸ್ತುವಾರಿಯ ಮಾತು ಎಂದರು. ಆ ದಿನ ಅವಳು ಮುದ್ದೆ ಕೇಳಿ ಕೇಳಿ ಹಾಕಿಸಿಕೊಂಡಳು.

ಅದೇ ವಾರ ನಮ್ಮ ಕೆಂದ ಹಸು ಕರು ಹಾಕಿತು. ಸಂಜೆಯಿಂದ ನನ್ನ ಹೆಂಡತಿ ಕೊಟ್ಟಿಗೆ ಬಿಟ್ಟು ಬರಲಿಲ್ಲ. ಹೆಣ್ಣು ಕರು, ಹಣೆಯ ಮೇಲೆ ಬಿಳಿ ಚುಕ್ಕೆ. ಬೆಳಿಗ್ಗೆ ನಾನು ಎದ್ದು ಎಂದಿನಂತೆ ಜಗಲಿಗೆ ಬಂದು ಗುಂಡಿ ಒತ್ತಿದೆ.

ಕೆಂಪು. ಕಾದೆ. ಕೆಂಪೇ.

ಆರಿಸಿ ಮತ್ತೆ ಒತ್ತಿದೆ. ಕೆಂಪು. ಕೈಯಿಂದ ತಟ್ಟಿದೆ, ಹಳೆಯ ರೇಡಿಯೋಗೆ ತಟ್ಟುವ ಹಾಗೆ. ಅದು ಜಗ್ಗಲಿಲ್ಲ. ಪೆಟ್ಟಿಗೆಯ ಮೇಲೆ ಇಬ್ಬನಿ ಕೂತು ಕೈ ಒದ್ದೆಯಾಯಿತು. ಮೊಮ್ಮಗಳನ್ನು ಎಬ್ಬಿಸಿದೆ. ಅವಳು ದುಪ್ಪಟಿ ಹೊದ್ದುಕೊಂಡೇ ಬಂದು ನೋಡಿದಳು, ತಂತಿ ಸಿಕ್ಕಿಸಿ ಲ್ಯಾಪ್‌ಟಾಪಿನಲ್ಲಿ ಏನೇನೋ ನೋಡಿದಳು. ಮುಖ ಬಿಳಚಿಕೊಂಡಿತು.

"ಆ ಸಾಲು ಇದ್ದ ಜಾಗದಲ್ಲೇ ನಿಂತೋಗಿದೆ ತಾತ."

ಬಿಸಿಲು ಜಗಲಿಗೆ ಬಂದ ಮೇಲೆ ಒತ್ತಿದರೆ, ಏನೂ ಆಗದವರ ಹಾಗೆ ಹಸಿರು!

"ಇಷ್ಟ್ ದಿನ ಚಳೀಲಿ ಎದ್ದಿದ್ದು ಇವತ್ತೇನಾಯ್ತು?" ಎಂದು ಅವಳು ತಲೆ ಹಿಡಿದುಕೊಂಡು ಕೂತಳು. ಅಷ್ಟು ಹೊತ್ತಿಗೆ ಹೆಂಡತಿ ಕೊಟ್ಟಿಗೆಯಿಂದ ಬಂದು, ಪೆಟ್ಟಿಗೆಯನ್ನು ಒಂದು ಸಲ, ನಮ್ಮ ಮುಖಗಳನ್ನು ಒಂದು ಸಲ ನೋಡಿದಳು.

"ಅಯ್ಯೋ ನಾ ತಲ್ಲೀ! ಕರು ಗಲಾಟೇಲಿ ಮರ್ತೇ ಹೋಯ್ತು. ರಾತ್ರಿಯೆಲ್ಲಾ ಇಲ್ಲೇ ಇತ್ತಾ ಪಾಪ?"

"ಇಲ್ದೆ ಇನ್ನೆಲ್ಲಿರತ್ತೆ ಅಜ್ಜಿ?"

"ಗೂಡಲ್ಲಿ."

ನಮ್ಮ ಬಚ್ಚಲಲ್ಲಿ ಹಂಡೆ ಒಲೆಯ ಹಿಂದಿನ ಗೋಡೆಯಲ್ಲಿ ಒಂದು ಗೂಡಿದೆ. ಸಂಜೆ ಹಚ್ಚಿದ ಒಲೆಯ ಕೆಂಡ ಬೂದಿಯೊಳಗೆ ಇದ್ದು ಬೆಳಗಿನ ತನಕ ಆ ಗೋಡೆ ಬೆಚ್ಚಗಿರುತ್ತದೆ. ಮಳೆಗಾಲದಲ್ಲಿ ಬೆಂಕಿಪೊಟ್ಟಣ, ಉಪ್ಪಿನ ಜಾಡಿ ಅಲ್ಲೇ. ಕಾಯಿಲೆ ಬಿದ್ದ ಕೋಳಿಮರಿಯೂ ಒಂದು ಕಾಲಕ್ಕೆ ಅಲ್ಲೇ. ನನ್ನ ಹೆಂಡತಿ ದಿನಾ ನಾವು ಮಲಗಿದ ಮೇಲೆ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ಆ ಗೂಡಿನಲ್ಲಿಟ್ಟು, ನನಗಿಂತ ಮುಂಚೆ ಎದ್ದು ನೀರಿಗೆ ಒಲೆ ಹಚ್ಚುವಾಗ ವಾಪಸ್ಸು ಜಗಲಿಗೆ ತಂದಿಡುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದೇನಿದೆ? ಮನೆಯಲ್ಲಿ ಯಾರಿಗೆ ಯಾವಾಗ ಹೊದಿಸಿದೆ ಎಂದು ಅವಳು ಯಾವತ್ತು ವರದಿ ಕೊಟ್ಟಿದ್ದಾಳೆ?

"ನೀನು ಡೈರಿಯವ್ರ ಸಾಮಾನು ಮಂಜಲ್ಲಿ ಬಿಟ್ಟು ಮಲಗ್ತೀಯ. ಕೆಟ್ಟೋದ್ರೆ ಯಾರು ಉತ್ರ ಹೇಳೋರು? ಅದಲ್ದೆ ನೀನೇ ಹೇಳ್ದಲ್ಲ, ಈಗ ಹುಟ್ಟಿದ್ ಕರು ಇದ್ದಂಗೆ ಅಂತ. ಕರೂನ ಯಾರಾದ್ರೂ ಇಬ್ಬನೀಲಿ ಬಿಡ್ತಾರಾ?"

ಮೊಮ್ಮಗಳು ಮೊದಲು ನಕ್ಕಳು. ನಗುತ್ತ ನಗುತ್ತ ಅಳುವಿಗೆ ತಿರುಗಿತು. "ಚಳೀಲಿ ನೋಡಿದೀನಿ ಅಂತ ಎಲ್ರ ಮುಂದೆ ಬರ್ದಿದೀನಿ ಅಜ್ಜಿ. ಒಲೆ ಹತ್ರ ಮಲಗ್ಸಿ ನೋಡಿದ್ದು ಅಂತ ಈಗ ಹೆಂಗ್ ಬರೀಲಿ? ಇಂಥೋಳ ಕೈಗೆ ಯಾರು ಕೊಡ್ತಾರೆ?"

ಹೆಂಡತಿಗೆ ಮನಸ್ಸು ಕರಗಿದಾಗ ತವರಿನ ಗೌನಿಪಲ್ಲಿಯ ತೆಲುಗು ಬಂದುಬಿಡುತ್ತದೆ. "ಏಡವದ್ದು ತಲ್ಲೀ, ಏಡವದ್ದು", ಅಳಬೇಡ ತಾಯಿ ಎಂದು ಸೆರಗಿನಿಂದ ಅವಳ ಮುಖ ಒರೆಸಿ, "ಅಜ್ಜಿ ಹಿಂಗ್ ಮಾಡಿದ್ಳು ಅಂತಾನೇ ಬರಿ. ನಂಗೇನು ನಾಚ್ಕೆ?" ಎಂದಳು.

ಮೊಮ್ಮಗಳು ಹಾಗೇ ಬರೆದಳು. ಅದಕ್ಕೆ ಮೊದಲು ಪೆಟ್ಟಿಗೆಯನ್ನು ನಿಜವಾಗಿಯೂ ಜಗಲಿಯಲ್ಲೇ ಬಿಟ್ಟು ಮತ್ತೆ ನೋಡಿದೆವು. ಚಳಿ ಹಿಡಿದ ಬೆಳಿಗ್ಗೆ ಕೆಂಪು. ಆ ಸಾಲನ್ನು ವಾಪಸ್ಸು ಇಟ್ಟರೆ, ಎಂಥ ಚಳಿಯಲ್ಲೂ ಹಸಿರು. ಕಾರಣವನ್ನೂ ಹಿಡಿದಳು. ಪೆಟ್ಟಿಗೆಯ ಒಳಗೆ ಒಂದು ಸಣ್ಣ ಹರಳು ಇದೆಯಂತೆ. ಅದು ಟಿಕ್ ಟಿಕ್ ಎಂದು ತಾಳ ಹಾಕಿದರೆ ಮಿಕ್ಕವರೆಲ್ಲ ಹೆಜ್ಜೆ ಇಡುವುದು. ಚಳಿಯಲ್ಲಿ ಆ ಹರಳಿನ ತಾಳ ನೆಲೆಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತು ಎಲ್ಲರೂ ನಿಂತಿರಲಿ ಎಂದೇ ಆ ಸುಮ್ಮನೆ ಎಣಿಸುವುದು.

ಅದನ್ನು ಕೇಳಿದಾಗ ನನಗೆ ನಮ್ಮ ಅಪ್ಪನ ಕಾಲದ ಹಗೇವು ನೆನಪಾಯಿತು. ರಾಗಿ ತುಂಬಿಡಲು ನೆಲದಲ್ಲಿ ತೋಡಿದ ಆಳದ ಗುಂಡಿ. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವ ಹಾಗಿಲ್ಲ. ಒಳಗಿನ ಕೆಟ್ಟ ಗಾಳಿ ಆಚೆ ಹೋಗಲಿ ಎಂದು ಎಲ್ಲರೂ ಸುತ್ತ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಆಮೇಲೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸಿ, ದೀಪ ಆರದಿದ್ದರೆ ಮಾತ್ರ ಮನುಷ್ಯ. ನಾನು ಚಿಕ್ಕವನಾಗಿದ್ದಾಗ, ಇವರೆಲ್ಲ ಏಕೆ ಸೋಮಾರಿಗಳ ಹಾಗೆ ಕೂತಿದ್ದಾರೆ ಎಂದುಕೊಳ್ಳುತ್ತಿದ್ದೆ. ಈ ಕಥೆ ಹೇಳಿದಾಗ ಮೊಮ್ಮಗಳು, "ಇದ್ನೆಲ್ಲಾ ಇಟ್ಕೊಂಡು ತೆಗ್ದಾಕು ಅಂದ್ಯಲ್ಲ ತಾತ!" ಎಂದು ನನ್ನ ತೊಡೆಗೆ ಗುದ್ದಿದಳು.

"ಆಗ ನೆನಪು ಬರ್ಲಿಲ್ಲ ಕಣೇ. ನಂದೂ ಹಳೇ ಪೆಟ್ಟಿಗೆ, ಚಳಿಗೆ ನಿಧಾನ" ಎಂದೆ.

ಅವಳು ಬರೆದದ್ದನ್ನು ಕಳಿಸುವ ಮೊದಲು ನಮಗೆ ಕನ್ನಡದಲ್ಲಿ ಓದಿ ಹೇಳಿದಳು. ನಾನು ಹಿಂದೆ ಕಳಿಸಿದ್ದು ತಪ್ಪು, ದಯವಿಟ್ಟು ಸೇರಿಸಬೇಡಿ. ಬೆಳಗಿನ ಚಳಿಯಲ್ಲಿ ನೋಡಿದ್ದು ಎಂದಿದ್ದೆ, ಆದರೆ ನಮ್ಮ ಅಜ್ಜಿ ಆ ಪೆಟ್ಟಿಗೆಯನ್ನು ದಿನವೂ ಕಂಬಳಿ ಸುತ್ತಿ ಒಲೆಯ ಹಿಂದೆ ಮಲಗಿಸುತ್ತಿದ್ದರು. ಒಂದು ಹಸು ಕರು ಹಾಕಿದ್ದರಿಂದ ಇದು ತಿಳಿಯಿತು. ಹೀಗೆ ಇದ್ದದ್ದು ಇದ್ದ ಹಾಗೆ. ಕೊನೆಗೆ ಆ ಸಾಲಿನ ಮೇಲೆ ಹೊಸ ಕಾಮೆಂಟ್.

ಆಮೇಲೆ ಉತ್ತರಕ್ಕೆ ಕಾಯುವ ಕೆಲಸ. ಅವಳು ಮತ್ತೆ ಮುದ್ದೆ ಮುರಿದು ಮರೆತು ಕೂರತೊಡಗಿದಳು. ನನ್ನ ಹೆಂಡತಿ, ಬಾಯಲ್ಲಿ ನಾಚಿಕೆಯಿಲ್ಲ ಎಂದರೂ, ಆ ಪೆಟ್ಟಿಗೆಯ ಕಡೆ ನೋಡದೆ ಜಗಲಿ ಗುಡಿಸುತ್ತಿದ್ದಳು. ಅವಳ ಸಂಕಟ ನನಗೆ ತಿಳಿಯದೇ? ತನ್ನ ಕಂಬಳಿಯಿಂದ ಹುಡುಗಿಯ ಆಸೆ ಹೋಯಿತೇನೋ ಎಂದು.

ಒಂದು ಮಧ್ಯಾಹ್ನ ನಾನು ಕರುವಿಗೆ ಹಗ್ಗ ಹೊಸೆಯುತ್ತಿದ್ದಾಗ ಪಡಸಾಲೆಯಿಂದ ಒಂದು ಕಿರುಚು ಬಂತು. ಹಾವೋ ಏನೋ ಎಂದು ಕೋಲು ಹಿಡಿದು ಓಡಿದೆ. ಹುಡುಗಿ ಅಜ್ಜಿಯನ್ನು ತಬ್ಬಿಕೊಂಡು ಗಿರಗಿರನೆ ತಿರುಗಿಸುತ್ತಿದ್ದಾಳೆ, ಅಜ್ಜಿಯ ಕೈಯಲ್ಲಿ ಸಾರಿನ ಸೌಟು!

"ಬಿಡೇ, ಸೊಂಟ ಮುರೀತೀಯ! ಏನಾಯ್ತು ಹೇಳೇ!"

ಆ ಹಿರಿಯರು ಬರೆದಿದ್ದರು: ಈಗ ನೆನಪಾಯಿತು. ಆ ಸಾಲನ್ನು ಇಟ್ಟವನು ನಾನೇ. ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಹಿಮ ಬೀಳುವ ಕಾಲದಲ್ಲಿ ಇಟ್ಟೆ, ಏಕೆ ಎಂದು ಬರೆಯಲಿಲ್ಲ, ಮರೆತೆ. ನೀನು ಕೇಳಿದಾಗಲೂ ಹೊಳೆಯಲಿಲ್ಲ. ನೀನು ಬರೆದ ಕಾಮೆಂಟ್ ಅಂದೇ ಇದ್ದಿದ್ದರೆ ಎಂದು ಆಸೆಯಾಗುತ್ತದೆ. ತಾನು ಕಳಿಸಿದ್ದನ್ನು ತಾನೇ ನಿಲ್ಲಿಸಿ ಕಾರಣ ಹುಡುಕುವವರ ಕೈಗೆ ಇದನ್ನು ಕೊಡಲು ನನಗೆ ಯಾವ ಅನುಮಾನವೂ ಇಲ್ಲ. ಇನ್ನು ಇದು ನಿನ್ನದು. ನಿಮ್ಮ ಅಜ್ಜಿಗೆ ನನ್ನ ನಮಸ್ಕಾರ, ಕರು ಹೇಗಿದೆ?

ಕರು ಹೇಗಿದೆ ಎಂದು ಕೇಳಿದ್ದಾರೆ! ನನ್ನ ಹೆಂಡತಿ ಸೌಟು ಹಿಡಿದೇ ಕೂತುಬಿಟ್ಟಳು. "ಒಳ್ಳೇ ಮನ್ಸ. ಚೆನ್ನಾಗೈತೆ ಅಂತ ಬರಿ. ಹಾಲು ಕುಡಿದು ಕುಡಿದು ಭೇದಿ ಮಾಡ್ಕೊಂಡಿತ್ತು, ಈಗ ಪರ್ವಾಗಿಲ್ಲ ಅಂತಾನೂ ಬರಿ."

ಆ ಕೆಲಸದಲ್ಲಿ ಒಂದು ಪದ್ಧತಿ ಇದೆಯಂತೆ. ಯಾವ ಬದಲಾವಣೆ ಮಾಡಿದರೂ ಅದರ ಕೆಳಗೆ, ಕೊರತೆ ತಿಳಿಸಿದವರು ಇಂಥವರು, ಪರೀಕ್ಷೆ ಮಾಡಿ ನೋಡಿದವರು ಇಂಥವರು ಎಂದು ಹೆಸರು ಹಾಕುತ್ತಾರೆ. ಹೆಸರಿನವರನ್ನು ಕೇಳದೆ ಹಾಕುವ ಹಾಗಿಲ್ಲ. ಆದ್ದರಿಂದ ಮೊಮ್ಮಗಳು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಮದುವೆ ರಿಜಿಸ್ಟರ್ ಮಾಡಿಸುವವಳ ಹಾಗೆ ಗಂಭೀರವಾಗಿ ಕೇಳಿದಳು. "ತಾತ, ಬೆಳಿಗ್ಗೆ ಬೆಳಿಗ್ಗೆ ಗುಂಡಿ ಒತ್ತಿ ನೋಡಿದ್ದು ನೀನು. ನಿನ್ ಹೆಸ್ರು ಹಾಕ್ಲಾ?"

ಈ ಸಲ ಅರ್ಥವಾಗಿಯೇ "ಹೂಂ" ಎಂದು ತಲೆಯಾಡಿಸಿದೆ.

"ಅಜ್ಜಿ, ನಿಂದು?"

"ನಾನೇನ್ ಮಾಡ್ದೆ? ಕೆಡಿಸ್ದೆ ಅಷ್ಟೇ."

"ಗೂಡಲ್ಲಿ ಇಡ್ತಿದ್ದೆ ಅಂತ ನೀನು ಹೇಳ್ದೆ ಇದ್ದಿದ್ರೆ ಚಳೀನೇ ಕಾರಣ ಅಂತ ಯಾವಾಗ ಗೊತ್ತಾಗ್ತಿತ್ತು? ಕೊರತೆ ತಿಳ್ಸಿದ್ದು ನೀನೇ."

ಅವಳು ಸೆರಗು ಸರಿಮಾಡಿಕೊಂಡು, "ಹಂಗಾದ್ರೆ ನನ್ ತವರೂರನ್ನೂ ಸೇರ್ಸು" ಎಂದಳು. ಊರು ಹಾಕುವ ಪದ್ಧತಿ ಇಲ್ಲವಂತೆ. ಅದೊಂದು ಕೊರಗು ಅವಳಿಗೆ ಉಳಿದಿದೆ.

ಆ ಕಾಮೆಂಟ್ ಕರ್ನಲ್ಲಿಗೆ ಸೇರಿದ ದಿನ ಮೊಮ್ಮಗಳು ಅಕ್ಷರಗಳನ್ನು ದೊಡ್ಡದು ಮಾಡಿ ತೋರಿಸಿದಳು. ನಾನು ಬಸ್ ಸ್ಟ್ಯಾಂಡಿನ ವಿದ್ಯೆಯಲ್ಲಿ, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ನನ್ನ ಹೆಸರು ಓದಿದೆ. ಕೆಳಗಿನಿಂದ ಮೇಲಕ್ಕೆ ಹೋಗಿ ಹೆಂಡತಿಯದ್ದು ಓದಿದೆ. ಆಮೇಲೆ ಇನ್ನೊಂದು ಕಡೆ, ಯಾವ ಭಾಗವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಬರೆದಿರುವ ಜಾಗದಲ್ಲಿ, ನಮ್ಮ ಹುಡುಗಿಯ ಹೆಸರು. ಅದನ್ನು ಓದುವಾಗ ಅಕ್ಷರಗಳು ನೀರೊಳಗೆ ಇದ್ದ ಹಾಗೆ ಕಂಡವು. ಕನ್ನಡಕ ಒರೆಸಿದೆ, ತಪ್ಪು ಕನ್ನಡಕದ್ದಲ್ಲ.

ಸಂಜೆ ಡೈರಿಯ ಸಾಲಿನಲ್ಲಿ ನಾನು ಬಾಯಿ ಮುಚ್ಚಿಕೊಂಡಿರಲು ಸಾಧ್ಯವೇ? ಹೇಳಿಬಿಟ್ಟೆ. ನನ್ನ ಮುಂದೆ ಕ್ಯಾನ್ ಹಿಡಿದು ನಿಂತಿದ್ದವನು ಟಿವಿ ರಿಪೇರಿ ಮಾಡುವ ನಮ್ಮ ಪಕ್ಕದ ಮನೆಯ ಭಾಯ್. ತಿರುಗಿ, "ಅರೆ ತಾತಾ, ನಿಮ್ದು ಹೆಸ್ರು ಒಳ್ಗೆ ಹೋಯ್ತು, ಸರಿ. ಆಚೆ ಬರೋದು ಯಾವಾಗ? ಕೆಟ್ರೆ ನನ್ ಅಂಗ್ಡಿಗೇ ತರ್ಬೇಕು ನೋಡಿ!" ಎಂದ. ಸಾಲೆಲ್ಲ ನಕ್ಕಿತು. ಸೆಕ್ರೆಟರಿ ಪೆಟ್ಟಿಗೆಯ ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು.

"ಯಾಕೋ ಇದು ನಿಧಾನ" ಎಂದು ಹಿಂದಿನವನು ಗೊಣಗಿದ.

"ನಿಂತ್ಕೊಳಪ್ಪ, ಅದಕ್ಕೊಂದು ಕಾರಣ ಐತೆ. ನಮ್ ಹುಡ್ಗಿ ಬರ್ದಿಟ್ಟವ್ಳೆ" ಎಂದೆ ನಾನು. ಹೇಳಿ ಮುಗಿಯುವಷ್ಟರಲ್ಲಿ ಹಸಿರಾಯಿತು.

ಮನೆಗೆ ಬಂದಾಗ ನನ್ನ ಹೆಂಡತಿ ಜಗಲಿಯಲ್ಲಿ ಕಂಬಳಿ ಹಿಡಿದು ನಿಂತಿದ್ದಳು. ಕೈ ಅಭ್ಯಾಸಬಲದಿಂದ, ಪರೀಕ್ಷೆಗೆಂದು ಇನ್ನೂ ಅಲ್ಲೇ ಇದ್ದ ಪೆಟ್ಟಿಗೆಯ ಕಡೆ ಹೋಗಿತ್ತು. ಒಳಗಿನಿಂದ ಮೊಮ್ಮಗಳು, "ಅಜ್ಜೀ!" ಎಂದಳು.

"ಗೊತ್ತು ಕಣೇ, ಗೊತ್ತು. ಮುಟ್ಟಲ್ಲ ನಿನ್ ಪೆಟ್ಗೇನ" ಎಂದು, ಕಂಬಳಿ ಕೊಡವಿ, ಕರುವಿಗೆ ಹೊದಿಸಲು ಕೊಟ್ಟಿಗೆಗೆ ಹೋದಳು.